ಮಜ್ದಾ ಆರ್‌ಎಕ್ಸ್-8: ಎರಡನೆಯ ಒಡೆಯನ ಖರ್ಚುವೆಚ್ಚ

ಮಜ್ದಾ ಕಂಪನಿಯ ಆರ್‌ಎಕ್ಸ್-8 ಕೂಪೆ 2003ರಿಂದ 2012ರವರೆಗೆ ಜಪಾನಿನ ಹಿರೋಶಿಮಾದಲ್ಲಿ ತಯಾರಾಯಿತು. ಬ್ರಿಟನ್ನಿನ ಹಳೆ ಕಾರುಗಳ ಪೇಟೆಯಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಸೊಗಸಾಗಿ ಓಡುವ ಸ್ಪೋರ್ಟ್ಸ್ ಕಾರು ಇನ್ನೊಂದು ಸಿಗುವುದು ಕಷ್ಟ. ಹಗುರವಾದ ಪುಟ್ಟ ಎಂಜಿನ್ ಮುಂದಿನ ಚಕ್ರಗಳ ಅಚ್ಚಿನ ಹಿಂದೆ, ತಗ್ಗಿನಲ್ಲಿ ಕೂತಿದೆ. ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದೆ. ಹಿಂದಕ್ಕೆ ತೆರೆಯುವ ಎರಡು ಕಿರುಬಾಗಿಲುಗಳಿರುವುದರಿಂದ ಹಿಂದಿನ ಸೀಟಿನಲ್ಲಿ ವಯಸ್ಕರೂ ಕೂರಬಹುದು. ಇಷ್ಟಿದ್ದರೂ ಬೆಲೆ ಇಳಿದಿರುವುದು ಆ ಎಂಜಿನ್ನಿನ ಭಯದಿಂದ. ಭಯಕ್ಕೆ ಆಧಾರವಿದೆ. ಆದರೆ ಕೆಟ್ಟುಹೋದ ಎಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಮೂಲ ಸಣ್ಣದೊಂದು ಭಾಗದ ಬಗೆಗಿನ ಅಲಕ್ಷ್ಯ.

ಇದರಲ್ಲಿ ಪಿಸ್ಟನ್ ಇಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹೆಸರಿನಲ್ಲಿ ಪ್ರಸಿದ್ಧವಾದ ರೋಟರಿ ಎಂಜಿನ್ ಇದು. ಮೊಟ್ಟೆಯಾಕಾರದ ಕವಚದೊಳಗೆ ಮೂರು ಮೂಲೆಗಳ ರೋಟರ್ ಸುತ್ತುತ್ತದೆ. ಅಂಥ ಎರಡು ರೋಟರುಗಳು, ಒಂದೊಂದಕ್ಕೆ 654 ಸಿಸಿ, ಒಟ್ಟು 1,308 ಸಿಸಿ. ಟರ್ಬೊ ಇಲ್ಲದೆಯೇ ಬ್ರಿಟನ್ನಿನ ಆರು ಗೇರಿನ ಮಾದರಿ 231 ಅಶ್ವಶಕ್ತಿ ಕೊಡುತ್ತಿತ್ತು, ನಿಮಿಷಕ್ಕೆ 9,000 ಸುತ್ತಿನವರೆಗೂ ಏರುತ್ತಿತ್ತು. ‘ರೆನೆಸಿಸ್’ ಎಂಬ ಈ ಎಂಜಿನ್ನಿಗೆ 2003ರ ಅಂತರರಾಷ್ಟ್ರೀಯ ‘ವರ್ಷದ ಎಂಜಿನ್’ ಪ್ರಶಸ್ತಿಯೂ ಬಂತು. ರೋಟರಿನ ಪ್ರತಿ ಮೂಲೆಯಲ್ಲಿ ಕವಚದ ಗೋಡೆಗೆ ಒತ್ತಿಕೊಂಡು ಜಾರುವ ಒಂದು ತೆಳುಪಟ್ಟಿಯಿದೆ. ಅದೇ ಅಪೆಕ್ಸ್ ಸೀಲ್. ರೋಟರಿನ ಪಕ್ಕಗಳಲ್ಲಿ ಸೈಡ್ ಸೀಲುಗಳಿವೆ. ಎಂಜಿನ್ನಿನ ಆಯುಸ್ಸೆಂದರೆ ಈ ಸೀಲುಗಳ ಆಯುಸ್ಸು.

ಸೀಲು ಸವೆಯದಿರಲು ಎಣ್ಣೆ ಬೇಕು. ಅದಕ್ಕಾಗಿ ಒಂದು ಪುಟ್ಟ ಪಂಪು ಎಂಜಿನ್ ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಕವಚದೊಳಗೆ ಚಿಮ್ಮಿಸುತ್ತದೆ, ಅದು ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಹಾಗಾಗಿ ಈ ಕಾರು ಎಣ್ಣೆ ಕುಡಿಯುವುದು ದೋಷವೇನಲ್ಲ, ಅದರ ರಚನೆಯೇ ಹಾಗೆ. ಪ್ರತಿ ಎರಡನೆಯ ಸಲ ಪೆಟ್ರೋಲ್ ತುಂಬಿಸುವಾಗ ಎಣ್ಣೆಯ ಮಟ್ಟ ನೋಡುವ ಅಭ್ಯಾಸ ಹಿಂದಿನ ಒಡೆಯನಿಗಿತ್ತೇ ಎಂಬುದು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ. ಸರ್ವಿಸಿಗೆ ಬಂದಾಗ ಮಾತ್ರ ಬಾನೆಟ್ ಎತ್ತಿದ ಕಾರಾದರೆ ಬಿಟ್ಟುಬಿಡುವುದೇ ಲೇಸು. ಎಣ್ಣೆಯ ಮೇಲೆ ನಂಬಿಕೆ ಸಾಲದೆ ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ಓಡಿಸುವ ಒಡೆಯರೂ ಅನೇಕರಿದ್ದಾರೆ. ಅಂಥವರ ಕಾರುಗಳು ಸಾಮಾನ್ಯವಾಗಿ ಆಸ್ಥೆಯಿಂದ ಇಟ್ಟುಕೊಂಡವೇ ಆಗಿರುತ್ತವೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಇಗ್ನಿಷನ್ ಕಾಯಿಲುಗಳು. ಒಂದು ರೋಟರಿಗೆ ಎರಡು ಸ್ಪಾರ್ಕ್ ಪ್ಲಗ್, ಒಟ್ಟು ನಾಲ್ಕು ಪ್ಲಗ್, ನಾಲ್ಕು ಕಾಯಿಲ್. ಸಾಮಾನ್ಯ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಶಾಫ್ಟ್ ಎರಡು ಸುತ್ತು ತಿರುಗಿದಾಗ ಪ್ಲಗ್ ಒಮ್ಮೆ ಕಿಡಿ ಹಾರಿಸಿದರೆ ಸಾಕು. ಇಲ್ಲಿ ಸುತ್ತಿಗೊಂದು ಕಿಡಿ. ದುಪ್ಪಟ್ಟು ದುಡಿಯುವ ಕಾಯಿಲ್ ಸುಮಾರು 50,000 ಕಿಲೋಮೀಟರಿಗೆ ಸೋಲತೊಡಗುತ್ತದೆ. ಅದು ಒಮ್ಮೆಲೇ ಸಾಯುವುದಿಲ್ಲವೆಂಬುದೇ ಅಪಾಯ. ಕಿಡಿ ದುರ್ಬಲವಾಗುತ್ತ ಹೋಗುತ್ತದೆ, ಕಾರು ಓಡುತ್ತಲೇ ಇರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರೊಳಗಿನ ಜಾಲರಿ ಕಾದು ಕರಗಿ ದಾರಿ ಕಟ್ಟುತ್ತದೆ. ಹೊರಹೋಗಲಾರದ ಬಿಸಿ ಹೊಗೆ ಹಿಂದಕ್ಕೆ ಒತ್ತಿ ಸೀಲುಗಳನ್ನು ಸುಡುತ್ತದೆ. ಒಂದೆರಡು ನೂರು ಪೌಂಡಿನ ಕಾಯಿಲ್ ಸೆಟ್ ಬದಲಿಸದ್ದಕ್ಕೆ ಸಾವಿರಾರು ಪೌಂಡಿನ ಎಂಜಿನ್ ಹೋಗುವುದು ಹೀಗೆ. ಕಾಯಿಲ್, ಪ್ಲಗ್, ವೈರುಗಳನ್ನು ಯಾವಾಗ ಬದಲಿಸಿದರೆಂಬ ರಸೀದಿ ಈ ಕಾರಿನ ಮಟ್ಟಿಗೆ ಓಡೋಮೀಟರಿಗಿಂತ ಬೆಲೆಯುಳ್ಳ ದಾಖಲೆ.

ಎರಡನೆಯ ಕುಖ್ಯಾತ ತೊಂದರೆ ಪೆಟ್ರೋಲ್ ತುಂಬಿ ಎಂಜಿನ್ ಮುಳುಗುವುದು. ತಣ್ಣಗಿರುವ ಕಾರನ್ನು ಹೊರತೆಗೆದು ನಾಲ್ಕು ಮಾರು ಆಚೆ ನಿಲ್ಲಿಸಿ ತಕ್ಷಣ ಆರಿಸಿದರೆ, ಒಳಗೆ ಉಳಿದ ಪೆಟ್ರೋಲ್ ಸೀಲುಗಳ ಎಣ್ಣೆಯನ್ನು ತೊಳೆದುಬಿಡುತ್ತದೆ. ಆಮೇಲೆ ಒತ್ತಡ ನಿಲ್ಲದು, ಕಾರು ಏಳದು. ಆಕ್ಸಿಲರೇಟರನ್ನು ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಿದರೆ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಒಳಗಿನದು ಹೊರಬೀಳುತ್ತದೆ. ಆದರೆ ಹಾಗೆ ತಿರುಗಿಸಲು ಗಟ್ಟಿ ಬ್ಯಾಟರಿಯೂ ವೇಗದ ಸ್ಟಾರ್ಟರ್ ಮೋಟರೂ ಬೇಕು. ಮೊದಲ ವರ್ಷಗಳ ಮೋಟರ್ ನಿಧಾನದ್ದು. ಕಂಪನಿಯೇ ಮುಂದೆ ಅದನ್ನು ಸುಧಾರಿಸಿತು.

ತಣ್ಣಗಿದ್ದಾಗ ಸರಾಗವಾಗಿ ಏಳುವ ಕಾರು, ಅರ್ಧ ಗಂಟೆ ಓಡಿಸಿ ಆರಿಸಿದ ಮೇಲೆ ಏಳಲು ತಡವರಿಸಿದರೆ ಸೀಲುಗಳು ಸೋತಿವೆಯೆಂದೇ ಬಗೆಯಬೇಕು. ಮಾರುವವರು ಎಂಜಿನ್ ಬಿಸಿ ಮಾಡಿ ತೋರಿಸಲು ಒಪ್ಪದಿದ್ದರೆ ಅದೇ ಉತ್ತರ. ಖಚಿತ ಪರೀಕ್ಷೆ ಕಂಪ್ರೆಶನ್ ಪರೀಕ್ಷೆ. ಪಿಸ್ಟನ್ ಎಂಜಿನ್ನಿಗೆ ಬಳಸುವ ಮಾಮೂಲು ಮಾಪಕ ಇಲ್ಲಿ ಸುಳ್ಳು ಹೇಳುತ್ತದೆ, ಮೂರು ಮುಖಗಳಲ್ಲಿ ಅತಿ ಹೆಚ್ಚಿನ ಒತ್ತಡವನ್ನಷ್ಟೇ ತೋರಿಸುತ್ತದೆ. ರೋಟರಿಗೆಂದೇ ಮಾಡಿದ ಮಾಪಕ ಒಂದೊಂದು ಮುಖಕ್ಕೆ ಒಂದೊಂದರಂತೆ ಆರು ಅಂಕಿಗಳನ್ನು ಕೊಡುತ್ತದೆ. ನಿಮಿಷಕ್ಕೆ 250 ಸುತ್ತಿನ ಲೆಕ್ಕದಲ್ಲಿ ಮಜ್ದಾ ಹಾಕಿದ ಕನಿಷ್ಠ ಮಿತಿ 680 ಕಿಲೋಪಾಸ್ಕಲ್. ಈ ಪರೀಕ್ಷೆಗಾಗುವ ಖರ್ಚು ಉಳಿಸುವುದಕ್ಕಿಂತ ದೊಡ್ಡ ದುಂದು ಈ ಕಾರಿನ ವ್ಯವಹಾರದಲ್ಲಿ ಮತ್ತೊಂದಿಲ್ಲ.

ಪರೀಕ್ಷೆಯಲ್ಲಿ ಸೋತ ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು. ಬ್ರಿಟನ್ನಿನ ರೋಟರಿ ಪರಿಣತರು ಅದಕ್ಕೆ ಸುಮಾರು 3,000ದಿಂದ 5,000 ಪೌಂಡು ಕೇಳುತ್ತಾರೆ. ಕವಚದ ಒಳಮೈ ಗೀರಿಹೋಗಿದ್ದರೆ ಇನ್ನೂ ಹೆಚ್ಚು. ಕಾರಿನ ಬೆಲೆಯೇ 2,000 ಪೌಂಡಾದರೆ ಮೂಗಿಗಿಂತ ಮೂಗುತಿ ಭಾರ. ಉತ್ತರ ಅಮೆರಿಕದಲ್ಲಿ ಮಜ್ದಾ 2004ರಿಂದ 2008ರ ಮಾದರಿಗಳ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಿ ಅನೇಕ ಎಂಜಿನ್ನುಗಳನ್ನು ತಾನೇ ಬದಲಿಸಿಕೊಟ್ಟಿತು. ಆ ಅವಧಿ ಎಂದೋ ಮುಗಿದಿದೆ. ಪರಿಣತರು ಈಚೆಗೆ ಕಟ್ಟಿಕೊಟ್ಟ ಎಂಜಿನ್ನಿರುವ ಕಾರು ಒಂದೆರಡು ಸಾವಿರ ಹೆಚ್ಚಿಗೆ ಕೇಳಿದರೂ ಕೊಟ್ಟು ಕೊಳ್ಳತಕ್ಕದ್ದು.

ತಂಪಿನ ವ್ಯವಸ್ಥೆಯಲ್ಲೂ ಎಚ್ಚರ ಬೇಕು. ರೇಡಿಯೇಟರಿನ ಪ್ಲಾಸ್ಟಿಕ್ ತುದಿಗಳೂ ಕೂಲಂಟ್ ಡಬ್ಬಿಯೂ ವಯಸ್ಸಾದಂತೆ ಬಿರುಕು ಬಿಡುತ್ತವೆ. ತಾಪಮಾನದ ಮುಳ್ಳನ್ನು ನಂಬುವಂತಿಲ್ಲ. ನಡುಮಧ್ಯದಲ್ಲಿ ಅಲುಗಾಡದೆ ನಿಂತ ಅದು ಮೇಲೇರುವ ಹೊತ್ತಿಗೆ ಕಾಲ ಮೀರಿರುತ್ತದೆ. ರೇಡಿಯೇಟರ್ ಬದಲಿಸುವುದು ದೊಡ್ಡ ಖರ್ಚಲ್ಲ, ಮುಂಚಿತವಾಗಿಯೇ ಮಾಡಿಸಬಹುದು.

ಉಳಿದವು ಯಾವ ಹಳೆ ಕಾರಿಗೂ ಬರುವಂಥವು: ಎರಡನೆಯ, ಮೂರನೆಯ ಗೇರಿನಲ್ಲಿ ಕರಕರ ಸದ್ದು, ಸವೆದ ಬುಶ್, ಬಾಲ್ ಜಾಯಿಂಟ್. ಕ್ಲಚ್ ಪೆಡಲಿನ ಬ್ರಾಕೆಟ್ಟಿನ ಬೆಸುಗೆ ಬಿಡುವುದುಂಟು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಬ್ರಿಟನ್ನಿನಲ್ಲಿ ಹಿಂದಿನ ಚಕ್ರದ ಕಮಾನುಗಳಿಗೂ ಬಾಗಿಲ ಕೆಳಗಿನ ಅಂಚಿಗೂ ತುಕ್ಕು ಹಿಡಿಯುತ್ತದೆ. ಎಂಜಿನ್ ಕೆಟ್ಟು ಬಿಚ್ಚಿಹಾಕಿದ ಕಾರುಗಳು ಬಹಳವಿರುವುದರಿಂದ ಬಾಗಿಲು, ಸೀಟು, ದೀಪಗಳು ಸುಲಭವಾಗಿ ಸಿಗುತ್ತವೆ. ತುಕ್ಕು ಹಿಡಿದ ಅಸ್ಥಿಪಂಜರಕ್ಕೆ ಮಾತ್ರ ಬಿಡಿಭಾಗವಿಲ್ಲ.

ನಿತ್ಯದ ಖರ್ಚೂ ಹಗುರವಲ್ಲ. ಲೀಟರಿಗೆ ಏಳೆಂಟು ಕಿಲೋಮೀಟರ್ ಬಂದರೆ ಸಾಕೆನ್ನಬೇಕು. ಬ್ರಿಟನ್ನಿನಲ್ಲಿ 2006ರ ಮಾರ್ಚ್ 23ರಿಂದ ನೋಂದಾಯಿಸಿದ ಆರ್‌ಎಕ್ಸ್-8ಗಳು ರಸ್ತೆ ತೆರಿಗೆಯ ಅತಿ ಮೇಲಿನ ದರ್ಜೆಗೆ ಬೀಳುತ್ತವೆ, ಅದಕ್ಕೆ ಹಿಂದಿನವು ಕಡಿಮೆ ದರದಲ್ಲಿ ಉಳಿದಿವೆ. 2009ರ ಪರಿಷ್ಕರಣೆಯಲ್ಲಿ ಪ್ರತಿ ರೋಟರಿಗೂ ಎಣ್ಣೆ ಚಿಮ್ಮಿಸುವ ಮೂರನೆಯ ನಳಿಕೆ ಬಂತು, ಅಪೆಕ್ಸ್ ಸೀಲಿನ ನಡುಭಾಗಕ್ಕೂ ಎಣ್ಣೆ ತಲುಪುವಂತಾಯಿತು. ಆ ನಂತರದ ಕಾರುಗಳು ಹೆಚ್ಚು ಬಾಳುತ್ತವೆ, ಬೆಲೆಯೂ ಹೆಚ್ಚು. ಯುರೋಪಿನಲ್ಲಿ ಅವು ವಿರಳ, ಏಕೆಂದರೆ ಹೊಗೆಯ ನಿಯಮ ಬಿಗಿಯಾದಾಗ, 2010ರಲ್ಲೇ, ಅಲ್ಲಿ ಮಾರಾಟ ನಿಂತುಹೋಯಿತು.