ಬಿರುದುಗಳ ವಂಶವೃಕ್ಷ

ಕನ್ನಡ ಪಾಠ ಹೇಳುವವನಿಗೆ ಬಿರುದುಗಳೇನೂ ಹೊಸವಲ್ಲ. ಒಂದು ಹೊಯ್ಸಳ ಶಾಸನವನ್ನು ತರಗತಿಗೆ ಎತ್ತಿಕೊಂಡರಾಯಿತು; ಅರಸನ ಬಿರುದಾವಳಿ ಮುಗಿದು ದಾನದ ಮಾತು ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಹುಡುಗರು ಆಕಳಿಸುತ್ತಾರೆ. ಆದರೂ ಆ ಸಾಲುಗಳನ್ನು ಹಾರಿಸಿ ಓದಲು ನನಗೆ ಮನಸ್ಸು ಬಾರದು. ವಿಷ್ಣುವರ್ಧನ ‘ತಲಕಾಡುಗೊಂಡ’ನಾದ, ಅವನ ನಂತರ ಪಟ್ಟಕ್ಕೆ ಬಂದವರೂ ಆ ಬಿರುದನ್ನು ಬಿಡಲಿಲ್ಲ. ಗೆದ್ದ ಊರನ್ನು ಗೆದ್ದವನ ಹೆಸರಿಗೆ ಕಟ್ಟುವುದು, ಕಟ್ಟಿದ್ದನ್ನು ಮಕ್ಕಳು ಮೊಮ್ಮಕ್ಕಳು ಹೊತ್ತು ತಿರುಗುವುದು ಬಹಳ ಹಳೆಯ ಚಾಳಿ.

ಅದೇ ಕಾವೇರಿಯ ಇನ್ನೊಂದು ಊರು ಇಂಗ್ಲೆಂಡಿನ ಒಂದು ಮನೆತನದ ಬಿರುದಿನೊಳಗೆ ಹೋಗಿ ಕುಳಿತಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಇಂಗ್ಲಿಷ್ ಸೇನೆಯ ಮುಖ್ಯನಾಗಿದ್ದವನು ಜನರಲ್ ಹ್ಯಾರಿಸ್. 1815ರಲ್ಲಿ ಅವನಿಗೆ ಬ್ಯಾರನ್ ಪದವಿ ಬಂದಾಗ ಅದರ ಒಕ್ಕಣೆಯಲ್ಲಿ ಶ್ರೀರಂಗಪಟ್ಟಣ, ಮೈಸೂರು ಮತ್ತು ಕೆಂಟ್ ಪ್ರಾಂತದ ಬೆಲ್ಮಾಂಟ್ ಒಂದೇ ಪಂಕ್ತಿಯಲ್ಲಿ ಕುಳಿತವು. 1890ರಿಂದ 1895ರವರೆಗೆ ಮುಂಬಯಿಯ ಗವರ್ನರಾಗಿದ್ದ, ಕ್ರಿಕೆಟ್ಟಿನಲ್ಲಿ ಹೆಸರಾದ ಲಾರ್ಡ್ ಹ್ಯಾರಿಸ್ ಈ ವಂಶದ ನಾಲ್ಕನೆಯ ಬ್ಯಾರನ್. ಆಡಲು ಬ್ಯಾಟು ಹಿಡಿದು ನಿಂತಾಗಲೂ ಅವನ ಹೆಸರಿನ ಹಿಂದೆ ನಮ್ಮ ಪಟ್ಟಣವಿತ್ತು.

ಆದರೆ ನಾನು ಹೇಳಹೊರಟದ್ದು ಹ್ಯಾರಿಸನ ಕಥೆಯಲ್ಲ. ಅದೇ ಯುದ್ಧದಿಂದ ಮೇಲೆದ್ದ ವೆಲ್ಲೆಸ್ಲಿ ಮನೆತನದ್ದು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಸೇತುವೆಗೆ ವೆಲ್ಲೆಸ್ಲಿಯ ಹೆಸರಿದೆ. ವಿದ್ಯಾರ್ಥಿಗಳೊಡನೆ ಒಮ್ಮೆ ಅಲ್ಲಿಗೆ ಹೋದಾಗ ಒಬ್ಬ ಹುಡುಗಿ, “ಸಾರ್, ವಾಟರ್ಲೂ ಯುದ್ಧದ ವೆಲ್ಲಿಂಗ್ಟನ್ ಇವನೇನಾ?” ಎಂದು ಕೇಳಿದಳು. ಅಲ್ಲಮ್ಮ, ಇವನು ಅವನ ಅಣ್ಣ, ಎಂದೆ. ಅಣ್ಣ ವೆಲ್ಲೆಸ್ಲಿ, ತಮ್ಮ ವೆಲ್ಲಿಂಗ್ಟನ್ ಹೇಗಾದರು ಎಂಬುದು ಅವಳ ಮುಂದಿನ ಪ್ರಶ್ನೆ. ಪ್ರಶ್ನೆ ಚಿಕ್ಕದು, ಉತ್ತರಕ್ಕೆ ಒಂದು ಇಡೀ ವಂಶಾವಳಿಯೇ ಬೇಕು.

ಇವರು ಐರ್ಲೆಂಡಿನ ಮೀತ್ ಪ್ರಾಂತದ ಜಮೀನುದಾರರು. ಮೂಲದಲ್ಲಿ ಇವರ ಹೆಸರು ಕಾಲಿ. ಡಾಂಗನ್ ಎಂಬಲ್ಲಿ ಆಸ್ತಿಯಿದ್ದ ಗ್ಯಾರೆಟ್ ವೆಸ್ಲಿ ಎಂಬ ಬಂಧು ಮಕ್ಕಳಿಲ್ಲದೆ ತೀರಿಕೊಂಡಾಗ, 1728ರಲ್ಲಿ ರಿಚರ್ಡ್ ಕಾಲಿ ಆ ಆಸ್ತಿಯನ್ನೂ ಅದರ ಜೊತೆಗೆ ವೆಸ್ಲಿ ಎಂಬ ಹೆಸರನ್ನೂ ಪಡೆದ. ನಮ್ಮಲ್ಲಿ ದತ್ತು ಹೋದವನು ಗೋತ್ರ ಬದಲಿಸಿಕೊಂಡಂತೆ! 1746ರಲ್ಲಿ ಅವನು ಬ್ಯಾರನ್ ಮಾರ್ನಿಂಗ್ಟನ್ ಆದ. ಅವನ ಮಗ 1760ರಲ್ಲಿ ಅರ್ಲ್ ಆದ. ಈತ ಸಂಗೀತಗಾರ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಮೇಷ್ಟರ ಮನೆಯಿಂದ ಸೇನಾಪತಿಗಳು ಹೊರಟದ್ದು ಓದಿ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಆ ಸಂಗೀತಗಾರನ ಹಿರಿಯ ಮಗನೇ 1798ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ ರಿಚರ್ಡ್. ವೆಸ್ಲಿಯನ್ನು ಹಿಗ್ಗಿಸಿ ವೆಲ್ಲೆಸ್ಲಿ ಎಂಬ ಹಳೆಯ ರೂಪಕ್ಕೆ ತಂದವನೂ ಇವನೇ. ಶ್ರೀರಂಗಪಟ್ಟಣದ ಮೇಲೆ ನುಗ್ಗಿದ ಪಡೆಯ ಮುಂದಾಳು ಬೇರ್ಡ್; ಹಿಂದೆ ಅದೇ ಊರಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆದರೆ ಊರು ಕೈಸೇರಿದ ಮೇಲೆ ಅದರ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್ಲನ ತಮ್ಮ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ. ಬೇರ್ಡನ ಹೊಟ್ಟೆ ಉರಿಯಿತು, ಯಾರದಾದರೂ ಉರಿಯುತ್ತಿತ್ತು. ಆರ್ಥರ್ ದರಿಯಾ ದೌಲತ್ತಿನಲ್ಲಿ ಬಿಡಾರ ಮಾಡಿದ.

ರಿಚರ್ಡನಿಗೆ ಆ ವರ್ಷವೇ ಡಿಸೆಂಬರಿನಲ್ಲಿ ಮಾರ್ಕ್ವಿಸ್ ಪದವಿ ಬಂತು. ಅರ್ಲಿಗಿಂತ ಮೇಲಿನದು, ಡ್ಯೂಕಿಗಿಂತ ಒಂದು ಮೆಟ್ಟಲು ಕೆಳಗಿನದು. ಯಾರಾದರೂ ಕುಣಿದಾಡುತ್ತಿದ್ದರು, ಇವನು ಸಿಡಿಮಿಡಿಗೊಂಡ. ಏಕೆಂದರೆ ಅದು ಐರ್ಲೆಂಡಿನ ಪದವಿ, ಬ್ರಿಟನ್ನಿನದಲ್ಲ. ಐರಿಷರ ಮುಖ್ಯ ಆಹಾರ ನೆನೆದು, ಇದು ಎರಡು ಸಲ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಹೀಗಳೆದ. ಒಂದು ರಾಜ್ಯವನ್ನು ಕೆಡವಿದವನ ಕಣ್ಣಲ್ಲಿ ಬಿರುದಿನ ಬೆಲೆ ಆಲೂಗಡ್ಡೆಯಷ್ಟು! ನಮ್ಮ ಪಾಲಿಗೆ ಆ ರಾಜ್ಯ ಅಷ್ಟು ಅಗ್ಗದ್ದಾಗಿರಲಿಲ್ಲ.

ತಮ್ಮನ ಏರಿಕೆ ಬೇರೆ ಬಗೆಯದು. ಸ್ಪೇನಿನ ಯುದ್ಧದಲ್ಲಿ ಅವನು ಗೆದ್ದಾಗ 1809ರಲ್ಲಿ ವೈಕೌಂಟ್ ಪದವಿ ಗೊತ್ತಾಯಿತು. ಯಾವ ಊರಿನ ಹೆಸರಿಟ್ಟುಕೊಳ್ಳುವುದು? ಅವನೋ ರಣರಂಗದಲ್ಲಿದ್ದಾನೆ. ಲಂಡನ್ನಿನಲ್ಲಿದ್ದ ಮಧ್ಯದ ಅಣ್ಣ ವಿಲಿಯಂ ತಾನೇ ನಿಶ್ಚಯಿಸಿದ: ಮನೆತನದ ಹೆಸರಿಗೆ ಪ್ರಾಸವಾಗುವಂತೆ ಸಾಮರ್ಸೆಟ್ ಪ್ರಾಂತದ ವೆಲ್ಲಿಂಗ್ಟನ್ ಎಂಬ ಊರನ್ನು ಆರಿಸಿದ. ಅಂದರೆ ಲೋಕಪ್ರಸಿದ್ಧವಾದ ಆ ಹೆಸರು ಬಂದದ್ದು ಪ್ರಾಸದಿಂದ! ಕಂದಪದ್ಯ ಬರೆಯುವವರಿಗೆ ಇದು ಸಂತೋಷದ ವಾರ್ತೆ. 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವಿಸ್, 1814ರಲ್ಲಿ ಡ್ಯೂಕ್. ಐದು ವರ್ಷದಲ್ಲಿ ಏಣಿ ಮುಗಿಯಿತು. ಸ್ಪೇನ್ ಅವನನ್ನು ಸಿಯುದಾದ್ ರೊದ್ರಿಗೋದ ಡ್ಯೂಕ್ ಮಾಡಿತು, ಪೋರ್ಚುಗಲ್ ವಿಜಯದ ಡ್ಯೂಕ್ ಮಾಡಿತು, ನೆದರ್ಲೆಂಡಿನ ದೊರೆ 1815ರಲ್ಲಿ ವಾಟರ್ಲೂವಿನ ಪ್ರಿನ್ಸ್ ಮಾಡಿದ. ನಮ್ಮ ಶಾಸನಕವಿಗೆ ಇವನು ಸಿಕ್ಕಿದ್ದರೆ ಕಲ್ಲು ಸಾಲದಾಗುತ್ತಿತ್ತು. ಪಾರ್ಲಿಮೆಂಟು ಕೊಟ್ಟ ಹಣದಿಂದ 1817ರಲ್ಲಿ ಹ್ಯಾಂಪ್‌ಷೈರಿನ ಸ್ಟ್ರಾಟ್‌ಫೀಲ್ಡ್ ಸೇ ಎಂಬ ಎಸ್ಟೇಟು ಬಂತು. ಅದಕ್ಕೆ ಡ್ಯೂಕರು ಸಲ್ಲಿಸಬೇಕಾದ ಗೇಣಿ, ವರ್ಷಕ್ಕೊಮ್ಮೆ ವಾಟರ್ಲೂ ಯುದ್ಧದ ದಿನಕ್ಕೆ ವಿಂಡ್ಸರ್ ಅರಮನೆಗೆ ಒಂದು ಫ್ರೆಂಚ್ ಬಾವುಟ. ಅದೇ 1817ರಲ್ಲಿ, ಸಾಲದಲ್ಲಿ ಮುಳುಗಿದ್ದ ಅಣ್ಣನಿಂದ ಲಂಡನ್ನಿನ ಆಪ್ಸ್ಲಿ ಭವನವನ್ನು ತಮ್ಮ ಕೊಂಡುಕೊಂಡ.

ಇನ್ನು ಬಿರುದು ಇಳಿಯುವ ರೀತಿ ನೋಡಿ. ನಮ್ಮ ಅವಿಭಕ್ತ ಕುಟುಂಬದಂತೆ ಅಲ್ಲಿ ಪಾಲುಪಾರೀಕತ್ತಿಲ್ಲ. ಸನದಿನಲ್ಲಿ ಸಾಮಾನ್ಯವಾಗಿ ಇರುವ ಮಾತು, ವಿವಾಹದಿಂದ ಹುಟ್ಟಿದ ಗಂಡು ಸಂತತಿ ಎಂದು. ಹಿರಿಯ ಮಗನಿಗೆ ಪೂರ್ತಿ, ಉಳಿದವರಿಗೆ ಬರಿಯ ಮರ್ಯಾದೆಯ ಸಂಬೋಧನೆ; ಅವರ ಮಕ್ಕಳು ಸಾಮಾನ್ಯ ಪ್ರಜೆಗಳು. ಹೀಗಾಗಿ ಒಂದೇ ಬೇರಿನ ಕೊಂಬೆಗಳು ಬೇರೆ ಬೇರೆ ದಿಕ್ಕಿಗೆ ಹೋದವು. ಕಿರಿಯ ತಮ್ಮ ಹೆನ್ರಿ ರಾಯಭಾರಿಯಾಗಿ ಹೆಸರು ಮಾಡಿ 1828ರಲ್ಲಿ ಬ್ಯಾರನ್ ಕೌಲಿ ಆದ. ಹಳೆಯ ‘ಕಾಲಿ’ಯೇ ಕೊಂಚ ವೇಷ ಬದಲಿಸಿ ಬಂದದ್ದು. ಅವನ ಮಗ 1857ರಲ್ಲಿ ಅರ್ಲ್ ಆದ. ಆ ಕೊಂಬೆ ಇಂದಿಗೂ ಹಸುರಾಗಿದೆ. ಪ್ರಾಸಪ್ರಿಯ ವಿಲಿಯಂ 1821ರಲ್ಲಿ ಬ್ಯಾರನ್ ಮೇರಿಬರೋ ಆದ. ಅಣ್ಣ ಸತ್ತ ಮೇಲೆ ಮಾರ್ನಿಂಗ್ಟನ್ ಪದವಿಯೂ ಅವನಿಗೆ ಬಂತು. ಅವನ ಮಗನಂತೂ ಮನೆ ಮುರುಕ. ಭಾರಿ ಆಸ್ತಿಯ ಒಡತಿ ಕ್ಯಾಥರೀನ್ ಟಿಲ್ನಿ ಲಾಂಗಳನ್ನು 1812ರಲ್ಲಿ ಮದುವೆಯಾಗಿ, ಹತ್ತು ವರ್ಷದಲ್ಲಿ ಆಕೆಯ ವಾನ್‌ಸ್ಟೆಡ್ ಭವನದ ಪಾತ್ರೆಪಡಗವೆಲ್ಲ ಹರಾಜಿಗೆ ಬರುವಂತೆ ಮಾಡಿದ. ಆಮೇಲೆ ಭವನವೇ ನೆಲಸಮವಾಗಿ ಕಲ್ಲುಗಳು ಮಾರಾಟವಾದವು. ಆಕೆ 1825ರಲ್ಲಿ ತೀರಿಕೊಂಡಳು. ಅವನೋ ಅರ್ಲ್ ಆಗಿಯೇ ಸತ್ತ. ಹೆಂಡತಿಯ ಮನೆಯನ್ನು ಕರಗಿಸಬಹುದು, ಬಿರುದನ್ನು ಕರಗಿಸಲಾಗದು! 1863ರಲ್ಲಿ ಅವನ ಮಗ ಸಂತಾನವಿಲ್ಲದೆ ತೀರಿಕೊಂಡಾಗ ಮೇರಿಬರೋ ಪದವಿ ನಂದಿತು. ಮಾರ್ನಿಂಗ್ಟನ್ ಪದವಿ ಎರಡನೆಯ ಡ್ಯೂಕ್ ಆಫ್ ವೆಲ್ಲಿಂಗ್ಟನ್ನನ ಪಾಲಿಗೆ ಬಂತು. ಅಂದಿನಿಂದ ಹಿರಿಯ ಬಿರುದು ಕಿರಿಯನ ಮನೆಯಲ್ಲಿದೆ.

ಹೆಣ್ಣಿನ ಮಾತೇನು? 1943ರಲ್ಲಿ ಆರನೆಯ ಡ್ಯೂಕ್ ಇಟಲಿಯ ಯುದ್ಧದಲ್ಲಿ ಮಡಿದ, ಮದುವೆಯಾಗಿರಲಿಲ್ಲ. ಬ್ರಿಟಿಷ್ ಬಿರುದು ಚಿಕ್ಕಪ್ಪನಿಗೆ ಹೋಯಿತು. ಸ್ಪೇನಿನ ಬಿರುದು ಮಾತ್ರ ಆ ದೇಶದ ಕಾನೂನಿನಂತೆ ಅಕ್ಕ ಆ್ಯನಳಿಗೆ ಬಂತು. ಒಂದೇ ಸಾವು, ಎರಡು ದೇಶ, ಎರಡು ನ್ಯಾಯ. ಆಕೆ 1949ರಲ್ಲಿ ಅದನ್ನು ಚಿಕ್ಕಪ್ಪನಿಗೇ ಬಿಟ್ಟುಕೊಟ್ಟಳು. ಈ ಒಂದು ವಾಕ್ಯವನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ನನಗೆ ನೆನಪಾದದ್ದು ನಮ್ಮ ಸೋದರತ್ತೆ.

ನಮ್ಮ ತಾತನವರದು ಶಾನುಭೋಗಿಕೆ. 1961ರ ಕಾನೂನು 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯ ಅಧಿಕಾರ ಹೋಯಿತು. ಊರಿನಲ್ಲಿ ಮಾತ್ರ ಇಂದಿಗೂ ನಮ್ಮದು ‘ಶಾನುಭೋಗರ ಮನೆ’. ಲೆಕ್ಕದ ಕಡತಗಳಿದ್ದ ಮರದ ಪೆಟ್ಟಿಗೆ ಹಿರಿಯ ಮಗನ ಮನೆಗೋ ಕಿರಿಯನ ಮನೆಗೋ ಎಂದು ದೊಡ್ಡಪ್ಪನೂ ನಮ್ಮ ತಂದೆಯೂ ಎರಡು ವರ್ಷ ಮಾತು ಬಿಟ್ಟಿದ್ದರು. ಆ ಪೆಟ್ಟಿಗೆಯಲ್ಲಿದ್ದ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ತಾತನನ್ನು ಕೊನೆಯ ಹನ್ನೊಂದು ವರ್ಷ ನೋಡಿಕೊಂಡ ಅತ್ತೆಯ ಹೆಸರು ಅದರಲ್ಲಿಲ್ಲ. 2005ರ ತಿದ್ದುಪಡಿಯಾದ ಮೇಲೂ ಆಕೆ ತನ್ನ ಭಾಗ ಕೇಳಲಿಲ್ಲ. “ತಮ್ಮಂದಿರ ಮನೆ ಬಾಗಿಲು ಮುಚ್ಚಿಹೋದರೆ ನಾನು ಎಲ್ಲಿಗೆ ಬರಲೋ?” ಎಂದು ನನ್ನನ್ನು ಕೇಳಿದ್ದಳು. ಬಿಟ್ಟುಕೊಡುವುದು ಎಂಬ ಮಾತಿನೊಳಗೆ ಎಷ್ಟು ಔದಾರ್ಯ, ಎಷ್ಟು ಅಂಜಿಕೆ ಇರುತ್ತದೆಂದು ಕಾನೂನಿನ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಬಿರುದಿನ ಬಲವೂ ಈಗ ಮೊದಲಿನಂತಿಲ್ಲ. 1999ರ ಕಾನೂನು ಲಾರ್ಡರ ಸಭೆಯಿಂದ ವಂಶಪಾರಂಪರ್ಯ ಸದಸ್ಯರ ಬಹುಭಾಗವನ್ನು ಹೊರಗೆ ಕಳುಹಿಸಿ, ಆಗ 92 ಮಂದಿಗೆ ಮಾತ್ರ ಜಾಗ ಉಳಿಸಿತು. ನಮ್ಮ ಸಂವಿಧಾನವಂತೂ ತನ್ನ 18ನೆಯ ವಿಧಿಯಲ್ಲೇ ಬಿರುದುಗಳಿಗೆ ವಿದಾಯ ಹೇಳಿತು.

ಕೊನೆಗೆ ರಿಚರ್ಡನ ಕೊಂಬೆ ಏನಾಯಿತೆಂದು ಹೇಳಬೇಕು. ಹಯಸಿಂತ್ ರೋಲಾಂ ಎಂಬ ಫ್ರೆಂಚ್ ಹೆಂಗಸಿನಲ್ಲಿ ಅವನಿಗೆ ಐವರು ಮಕ್ಕಳು. ಎಲ್ಲರೂ ಹುಟ್ಟಿದ್ದು 1794ರಲ್ಲಿ ಅವರಿಬ್ಬರ ಮದುವೆಯಾಗುವುದಕ್ಕೆ ಮುಂಚೆ. ಆದ್ದರಿಂದ 1842ರಲ್ಲಿ ಅವನು ಸತ್ತಾಗ ಗಂಡುಮಕ್ಕಳಿದ್ದರೂ ಆ ಚಿನ್ನದ ಆಲೂಗಡ್ಡೆ ಅವನೊಡನೆಯೇ ಮಣ್ಣಾಯಿತು. ಸನದಿನ ಲೆಕ್ಕದಲ್ಲಿ ಆ ಮಕ್ಕಳು ಇರಲೇ ಇಲ್ಲ. ಆದರೆ ಅವರಲ್ಲಿ ಆ್ಯನ್ ಎಂಬ ಮಗಳು ಬೆಂಟಿಂಕ್ ಮನೆತನಕ್ಕೆ ಸೇರಿದಳು. ಆಕೆಯ ಮಗ ಒಬ್ಬ ಪಾದ್ರಿ. ಪಾದ್ರಿಯ ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು ಎಲಿಜಬೆತ್, ದೊರೆ ಆರನೆಯ ಜಾರ್ಜನ ರಾಣಿ. ಆಕೆಯ ಮಗಳು ಎರಡನೆಯ ಎಲಿಜಬೆತ್. ಬಿರುದಿಗೆ ಅನರ್ಹಳೆನಿಸಿದ ಹೆಣ್ಣುಮಗಳ ರಕ್ತ ಬ್ರಿಟನ್ನಿನ ಸಿಂಹಾಸನವನ್ನೇ ಸೇರಿತು.

ಕಳೆದ ವರ್ಷ ಪೌತಿ ಖಾತೆಗಾಗಿ ನಾವು ಹೊಸದಾಗಿ ವಂಶವೃಕ್ಷ ಬರೆಯಿಸಬೇಕಾಯಿತು. ಕರಡು ತಯಾರಿಸುವ ಕೆಲಸ ಮನೆಯ ಮೇಷ್ಟರದೆಂದು ನನಗೇ ಬಂತು. ತಾತನ ಹೆಸರಿನ ಕೆಳಗೆ ಮೂರು ಗೆರೆ ಎಳೆದೆ. ಮೊದಲನೆಯದರಲ್ಲಿ ಅತ್ತೆಯ ಹೆಸರು ಬರೆದೆ; ಮೂವರಲ್ಲಿ ಆಕೆಯೇ ಹಿರಿಯಳು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಏನೂ ಮಾತನಾಡದೆ ಸಹಿ ಹಾಕಿದರು.