ಹದಿನೆಂಟು ಮಾವಿನಹಣ್ಣು

ರಾತ್ರಿ ಎಂಟರ ಸುಮಾರ ನಾನು ರೊಟ್ಟಿ ಬಡ್ಯಾಕತ್ತಿದ್ದೆ. ಎಂಟನೇತ್ತೆ ಓದೂ ಮಗಳು ಅಡಗಿಮನ್ಯಾಗ ಗಣಿತದ ಪಟ್ಟಿ ಹರವಿಕೊಂಡು ಕುಂತಿದ್ಲು. ಲೆಕ್ಕ ಹಿಂಗಿತ್ತು: ಒಂದು ಸಂಖ್ಯೆ ಇನ್ನೊಂದಕ್ಕಿಂತ 15 ಹೆಚ್ಚು, ಎರಡೂ ಕೂಡಿದರೆ 95, ಹಾಗಾದರೆ ಆ ಸಂಖ್ಯೆಗಳು ಯಾವುವು?

ಅರ್ಧಾ ತಾಸಾದ್ರೂ ಪಟ್ಟಿ ಮ್ಯಾಲ ‘ಎಕ್ಸ್’ ಅನ್ನೂದೊಂದು ಬಿಟ್ರ ಏನೂ ಇಲ್ಲ. ಕಡೀಕ ಪೆನ್ನು ಒಗದು, “ಅವ್ವಾ, ನನಗ ಗಣಿತ ಹತ್ತಂಗಿಲ್ಲ. ನಿನಗೂ ಹತ್ತತಿದ್ದಿಲ್ಲಂತಲ್ಲ” ಅಂದ್ಲು.

ನನ್ನ ಕೈ ನಿಂತಬಿಡ್ತು. ಆ ಮಾತು ನಂದ. ಆಕಿ ಸಣ್ಣಾಕಿ ಇದ್ದಾಗಿಂದ ಬಂದ ಬೀಗರ ಮುಂದೆಲ್ಲ “ನಮ್ಮ ಮನಿ ಹೆಣ್ಮಕ್ಕಳಿಗೆ ಗಣಿತ ಬರಂಗಿಲ್ಲ ಬಿಡ್ರಿ” ಅಂತ ನಗತಿದ್ದೆ. ಎಸ್ಸೆಸ್ಸೆಲ್ಸಿಯೊಳಗ ಗಣಿತದಾಗ ಫೇಲಾಗಿ ಸಾಲಿ ಬಿಟ್ಟಾಕಿ ನಾನು. ಆ ನಾಚಿಕಿ ಮುಚ್ಚಾಕ ನಗತಿದ್ದೆ. ಮಗಳು ಅದನ್ನ ಖರೇ ಅಂತ ತಿಳಕೊಂಡಿದ್ಲು.

ಅಲ್ಲೇ ಕುಂತು ಬಳ್ಳೊಳ್ಳಿ ಸುಲಿಯಾಕತ್ತಿದ್ದ ನಮ್ಮತ್ತಿಯವರು ತಲಿ ಎತ್ತಿದ್ರು. “ಆ ಹೆಚ್ಚಿನ ಹದಿನೈದು ಮೊದಲ ಬಾಜೂಕ ತಗದಿಡವಾ. ಎಷ್ಟು ಉಳೀತು? ಎಂಬತ್ತು. ಇಬ್ರಿಗೂ ಸಮ ಹಂಚು, ನಲವತ್ತು ನಲವತ್ತು. ತಗದಿಟ್ಟದ್ದು ಒಬ್ಬಗ ಕೊಡು. ನಲವತ್ತು, ಐವತ್ತೈದು. ಮುಗೀತಲ್ಲ?”

ಅವರು ಓದಿದ್ದು ನಾಕನೇತ್ತೆ. ಆದ್ರ ದೀಡಕಿ, ಅಡೀಚಕಿ ಮಗ್ಗಿ ಇನ್ನೂ ಬಾಯಾಗ ಐತಿ. ಕಿಲೋಕ್ಕ 48 ಅಂದ್ರ ಅಡೀಚ ಕಿಲೋಕ್ಕ 120 ಅಂತ ಅಂಗಡಿಯವ ಮಶೀನ್ ಒತ್ತೂದ್ರಾಗ ಹೇಳತಾರ.

“ಆಯಿ, ಎಕ್ಸ್ ಹಾಕದಿದ್ರ ಮಾರ್ಕ್ಸ್ ಕೊಡಂಗಿಲ್ಲ.”

“ಎಕ್ಸ್ ಅಂದ್ರ ಏನು?”

“ಗೊತ್ತಿಲ್ಲದ್ದಕ್ಕ ಇಟ್ಟ ಹೆಸರ್ರೀ ಅತ್ತಿ” ಅಂದೆ ನಾನು. ಅಂದಮ್ಯಾಲ ನನಗ ಆಶ್ಚರ್ಯ ಆತು. ರೊಟ್ಟಿ ಬಿಟ್ಟು ಮಗಳ ಬಾಜೂಕ ಕುಂತೆ. ಸಣ್ಣದು ಎಕ್ಸ್, ದೊಡ್ಡದು ಎಕ್ಸಿಗೆ 15 ಕೂಡಿಸಿದ್ದು. ಎರಡೂ ಸೇರಿದ್ರ ಎರಡು ಎಕ್ಸ್ ಮತ್ತ 15, ಅದು 95. ಹದಿನೈದು ತಗದ್ರ 80, ಅದರ ಅರ್ಧ 40. ಅತ್ತಿಯವರು ಮಾಡಿದ್ದೂ ಇದನ್ನ, ಅದ ಸಾಲಿನಾಗ. ಅವರು ಬಾಯಿಲೆ ಮಾಡಿದ್ರು, ಪುಸ್ತಕದಾಗ ಬರದು ಮಾಡತಾರ.

ಮುಂದಿನ ಐತವಾರ ಒಂದು ಹಳೇ ಲೆಕ್ಕ ತಗದೆ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಾಗ, ಮಹಾವೀರಾಚಾರ್ಯರು ಸಂಸ್ಕೃತದಾಗ ಬರದ ‘ಗಣಿತಸಾರಸಂಗ್ರಹ’ದಾಗಿಂದು. ಅದ ಅರಸನ ಆಸ್ಥಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಊರು ಅಂತ ಹೇಳೂ ನಾಕರಾಗ ನಮ್ಮ ಪುಲಿಗೆರೆ, ಅಂದ್ರ ಈ ಲಕ್ಷ್ಮೇಶ್ವರನೂ ಒಂದು. ಅಂದಮ್ಯಾಲ ಇದು ನಮ್ಮ ಕಡಿ ಲೆಕ್ಕನ ಅಂತ ನಾನು ತಿಳಕೊಂಡೀನಿ.

ಮಾವಿನಹಣ್ಣಿನ ರಾಶಿ. ರಾಜ ಆರರಾಗ ಒಂದು ಪಾಲು ತಗೊಂಡ. ಉಳದದ್ದರಾಗ ರಾಣಿ ಐದರಾಗ ಒಂದು ಪಾಲು. ಆಮ್ಯಾಲ ಮೂರು ರಾಜಕುಮಾರರು ಸಾಲಾಗಿ, ಉಳಕೊಂತ ಹೋದದ್ದರಾಗ ಕಾಲು, ಮೂರರಾಗ ಒಂದು, ಅರ್ಧ. ಕಡೇ ಕೂಸಿಗೆ ಉಳದದ್ದು 3. ಒಟ್ಟು ಎಷ್ಟು?

ಮಗಳು ಎಲ್ಲಾ ಪಾಲು ಕೂಡಿಸಿ ಇಟ್ಲು. ಹಂಗ ಮಾಡಿದ್ರ 60 ಹಣ್ಣಿಗೆ 87 ಹಂಚಿದಂಗ ಆತು! “ಇದ್ದದ್ದಕ್ಕಿಂತ ಹೆಚ್ಚು ಹೆಂಗ ತಿಂದ್ರವಾ?” ಅಂತ ಆಕೀನ ನಕ್ಕಳು. ‘ಉಳದದ್ದರಾಗ’ ಅನ್ನೂ ಮಾತು ಬಿಟ್ಟಿದ್ಲು, ತಾನ ಹುಡುಕಿದ್ಲು.

ಅತ್ತಿಯವರು ತಾಟಿನಾಗ ಶೇಂಗಾ ಇಟ್ಟು ಹಿಂದಿನಿಂದ ಬಂದ್ರು. 3 ಉಳೀಬೇಕಂದ್ರ ಅರ್ಧ ತಗೊಳ್ಳೂ ಮೊದಲು 6, ಅದಕ್ಕೂ ಮೊದಲು 9, ಆಮ್ಯಾಲ 12, 15, 18. ಮಗಳು ಎಕ್ಸ್ ಹಿಡದು ಮುಂದಿನಿಂದ ಹೋದ್ಲು. ಎಕ್ಸಿನ ಆರರಾಗ ಐದು ಪಾಲು ಉಳೀತು, ಆಮ್ಯಾಲ ಮೂರರಾಗ ಎರಡು, ಅರ್ಧ, ಮೂರರಾಗ ಒಂದು, ಕಡೀಕ ಆರರಾಗ ಒಂದು. ಅದು 3 ಆದ್ರ ಎಕ್ಸ್ 18. ಹಂಚಿ ನೋಡಿದ್ರ ರಾಜನಿಂದ ಕೂಸಿನ ತನಕ ಎಲ್ಲಾರಿಗೂ ಬರೋಬ್ಬರಿ ಮೂರು ಮೂರು.

“ಪಾಲು ಬ್ಯಾರೆ ಬ್ಯಾರೆ ಕೇಳಿ ಸಮ ತಿಂದಾರಲ್ಲ ಇವರು” ಅಂದ್ರು ಅತ್ತಿಯವರು.

ಟೆಸ್ಟಿನಾಗ 25ಕ್ಕ 7 ಇದ್ದದ್ದು ಈ ಸಲ 14 ಆಗೇತಿ. ದೊಡ್ಡದೇನಲ್ಲ. ಮೊನ್ನೆ ಗದಗದಿಂದ ಬೀಗರು ಬಂದು, “ಗಣಿತ ಹೆಂಗ ಮಾಡತಾಳ್ರಿ?” ಅಂದ್ರು. ಹಳೇ ಮಾತು ನಾಲಿಗಿ ತುದೀಗೆ ಬಂತು. ಮಗಳು ನನ್ನ ಮುಖಾನ ನೋಡಾಕತ್ತಿದ್ಲು.

“ಕುಂತು ಮಾಡತಾಳ್ರಿ” ಅಂದೆ.