ಕುಸ್ಕೋದಲ್ಲಿ ಮೂರು ದಿನ

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡಿಸ್ ಪರ್ವತಗಳ ನಡುವೆ ಕುಸ್ಕೋ ಎಂಬ ಊರಿದೆ. ಎತ್ತರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್. ಕೆಳಗಿನಿಂದ ಬಂದವರಿಗೆ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿಯಾದರೆ ತಲೆನೋವು. ಕೋಕಾ ಎಲೆ ಹಾಕಿದ ಬಿಸಿನೀರು ಅದಕ್ಕೆ ಅಲ್ಲಿನವರ ಮದ್ದು. ಒಂದು ಕಾಲಕ್ಕೆ ಇದು ಇಂಕಾ ಸಾಮ್ರಾಜ್ಯದ ರಾಜಧಾನಿ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಅವರ ಗೋಡೆಗಳ ಮೇಲೆ, 16ನೇ ಶತಮಾನದಲ್ಲಿ ಬಂದ ಸ್ಪೇನಿನವರು ತಮ್ಮ ಚರ್ಚುಗಳನ್ನೂ ಮಠಗಳನ್ನೂ ಎಬ್ಬಿಸಿದರು. 1950ರ ಭೂಕಂಪದಲ್ಲಿ ಮೇಲಿನ ಕಟ್ಟಡಗಳು ಬಹಳಷ್ಟು ಕುಸಿದವು; ಸಾಂತೋ ದೊಮಿಂಗೊ ಮಠದಲ್ಲಿ ಅಡಗಿದ್ದ ಇಂಕಾ ಗೋಡೆಗಳು ಹೊರಗೆ ಕಾಣಿಸಿಕೊಂಡವು.

ಆ ಭೂಕಂಪಕ್ಕೆ ಸುಮಾರು ಒಂದೂವರೆ ವರ್ಷ ಮೊದಲು, 1948ರ ಡಿಸೆಂಬರಿನಲ್ಲಿ, ಅಮೆರಿಕದ ಛಾಯಾಗ್ರಾಹಕನೊಬ್ಬ ಈ ಊರಿಗೆ ಬಂದಿಳಿದ. ಹೆಸರು ಇರ್ವಿಂಗ್ ಪೆನ್, ವಯಸ್ಸು 31. ‘ವೋಗ್’ ಎಂಬ ಫ್ಯಾಷನ್ ಪತ್ರಿಕೆಗೆ ಚಿತ್ರ ತೆಗೆಯುವುದು ಅವನ ವೃತ್ತಿ.

ಈ ವೃತ್ತಿಗೆ ಪೆನ್ ನೇರ ದಾರಿಯಲ್ಲಿ ಬಂದವನಲ್ಲ. ಕೈಗಡಿಯಾರ ರಿಪೇರಿ ಮಾಡುವವನ ಮಗ. ಚಿತ್ರಕಾರನಾಗಬೇಕೆಂದು 1941ರಲ್ಲಿ ಕೆಲಸ ಬಿಟ್ಟು ಮೆಕ್ಸಿಕೋಗೆ ಹೋದ. ಒಂದು ವರ್ಷ ಬಿಡಿಸಿದ್ದನ್ನು ತಾನೇ ನೋಡಿ, ಇದು ಸಾಲದು ಎಂದು ನಿರ್ಧರಿಸಿ, ಕ್ಯಾನ್‌ವಾಸಿನ ಮೇಲಿನ ಬಣ್ಣವನ್ನೆಲ್ಲ ತೊಳೆದುಹಾಕಿದ. ಮಗನ ಒಂದು ವರ್ಷ ನೀರಿಗೆ ಹೋಯಿತೆಂದು ಮನೆಯವರು ಮರುಗಿದ್ದರೂ ಆಶ್ಚರ್ಯವಿಲ್ಲ. 1943ರಲ್ಲಿ ‘ವೋಗ್’ ಸೇರಿದ್ದು ಮುಖಪುಟಗಳಿಗೆ ಕಲ್ಪನೆ ಒದಗಿಸುವ ಸಹಾಯಕನಾಗಿ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಲಿಬರ್ಮನ್ ‘ನೀನೇ ತೆಗೆದು ನೋಡು’ ಎಂಬಂತೆ ಕ್ಯಾಮೆರಾ ಹಿಡಿಸಿದ ಮೇಲೆ ಅದೇ ಬದುಕಾಯಿತು.

1948ರ ಪ್ರವಾಸ ಪೆರುವಿನ ರಾಜಧಾನಿ ಲೀಮಾಕ್ಕೆ. ಜೊತೆಯಲ್ಲಿ ರೂಪದರ್ಶಿ ಜೀನ್ ಪ್ಯಾಚೆಟ್. ಅಲ್ಲಿ ಪೆನ್ ತೆಗೆದ ಒಂದು ಚಿತ್ರದಲ್ಲಿ ಆಕೆ ಕಾಫಿ ಅಂಗಡಿಯಲ್ಲಿ ಕುಳಿತು, ಒಂದು ಕಾಲಿನ ಬೂಟು ಕಳಚಿ, ಕೊರಳ ಮುತ್ತಿನ ಸರವನ್ನು ಬಾಯಲ್ಲಿ ಕಚ್ಚಿಕೊಂಡಿದ್ದಾಳೆ. ಉಡುಪು ತೋರಿಸಬೇಕಾದ ಚಿತ್ರದಲ್ಲಿ ಬೇಸರಗೊಂಡ, ದಣಿದ ಒಬ್ಬ ಹೆಂಗಸು ಕಾಣುತ್ತಾಳೆ.

ಲೀಮಾದ ಕೆಲಸ ಮುಗಿದಾಗ ತಂಡದವರು ಊರಿಗೆ ಹೊರಟರು. ಪೆನ್ ಮಾತ್ರ ಕುಸ್ಕೋದ ದಾರಿ ಹಿಡಿದ. ಊರಿನಲ್ಲಿ ಅವನಿಗೆ ಒಂದು ಹಳೆಯ ಸ್ಟುಡಿಯೋ ಕಣ್ಣಿಗೆ ಬಿತ್ತು. ಕಲ್ಲಿನ ನೆಲ, ಬಣ್ಣ ಬಳಿದ ಹಿಂಪರದೆ, ಒಂದು ಪಕ್ಕದಿಂದ ತುಂಬಿ ಬರುವ ಹಗಲು ಬೆಳಕು. ಪೆನ್ ಅದರ ಯಜಮಾನನಿಗೆ ಹಣ ಕೊಟ್ಟು, ಕ್ರಿಸ್‌ಮಸ್ ರಜೆಗೆ ಕಳುಹಿಸಿ, ಸ್ಟುಡಿಯೋವನ್ನು ಬಾಡಿಗೆಗೆ ಪಡೆದ.

ಹಬ್ಬದ ಕಾಲ. ಡಿಸೆಂಬರ್ 24ರಂದು ಕುಸ್ಕೋದ ದೊಡ್ಡ ಚೌಕದಲ್ಲಿ ಸಾಂತುರಾಂತಿಕುಯ್ ಎಂಬ ಸಂತೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳಿಂದ ಕೆಚುವಾ ಭಾಷೆಯ ಜನ ಗೊಂಬೆ, ಸೊಪ್ಪು, ಹುಲ್ಲು ಹೊತ್ತು ಬರುತ್ತಾರೆ. ಪೇಟೆಗೆ ಬಂದವರು ಹಬ್ಬಕ್ಕೊಂದು ಫೋಟೋ ತೆಗೆಸೋಣವೆಂದು ಸ್ಟುಡಿಯೋಗೆ ಬಂದರೆ, ಒಳಗೆ ಅಪರಿಚಿತ ಬಿಳಿಯ! ಜೊತೆಗೆ, ಇವರು ಹಣ ಕೊಡುವ ಬದಲು ಅವನೇ ಇವರಿಗೆ ಹಣ ಕೊಡುತ್ತಿದ್ದ. ಮೂರು ದಿನಗಳಲ್ಲಿ ಸುಮಾರು 200 ಭಾವಚಿತ್ರಗಳಾದವು.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಇಬ್ಬರು ಮಕ್ಕಳ ಚಿತ್ರ. ಬಟ್ಟೆ ಹೊದಿಸಿದ ಪುಟ್ಟ ಮೇಜಿನ ಎರಡು ಪಕ್ಕ ಒಬ್ಬ ಹುಡುಗ, ಒಬ್ಬಳು ಹುಡುಗಿ ನಿಂತಿದ್ದಾರೆ. ಮೇಜಿನ ಮೇಲೆ ಕೈಗೆ ಕೈ ಸೇರಿದೆ. ಬರಿಗಾಲು. ಮುಖದಲ್ಲಿ ನಗುವಿಲ್ಲ, ಮನೆಯ ಭಾರ ಹೊತ್ತ ದೊಡ್ಡವರಂತೆ ನೇರ ಕ್ಯಾಮೆರಾವನ್ನು ನೋಡುತ್ತಾರೆ. ಹಿಂದೆ ಪರ್ವತವಿಲ್ಲ, ಇಂಕಾ ಗೋಡೆಯಿಲ್ಲ. ಪ್ರವಾಸಿಗರು ಹುಡುಕಿಕೊಂಡು ಬರುವ ಊರೆಲ್ಲ ಬಾಗಿಲ ಆಚೆಯೇ ಉಳಿಯಿತು. ಬಟ್ಟೆ ಹೇಗೆ ಬೀಳುತ್ತದೆ, ಟೊಪ್ಪಿ ಹೇಗೆ ಕೂರುತ್ತದೆ ಎಂಬುದನ್ನು ಪ್ಯಾರಿಸಿನ ಉಡುಪಿನಲ್ಲಿ ಗಮನಿಸುವಷ್ಟೇ ಶ್ರದ್ಧೆಯಿಂದ ಪೆನ್ ಇಲ್ಲಿಯೂ ಗಮನಿಸಿದ. ಫ್ಯಾಷನ್ನಿನ ಕಣ್ಣಿಗೆ ಸಿಕ್ಕ ಒಳ್ಳೆಯ ಕೆಲಸವೆಂದರೆ ಇದೇ ಇರಬೇಕು. 1949ರ ಡಿಸೆಂಬರಿನ ‘ವೋಗ್’ನಲ್ಲಿ ಕುಸ್ಕೋ ಚಿತ್ರಗಳು ಅಚ್ಚಾದವು.

ಒಂದು ಮಾತು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. 2008ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಈ ಚಿತ್ರದ ಒಂದು ಪ್ರತಿ 5,29,000 ಡಾಲರಿಗೆ ಮಾರಾಟವಾಯಿತು. ಚಿತ್ರದ ಶೀರ್ಷಿಕೆ ‘ಕುಸ್ಕೋ ಮಕ್ಕಳು’, ಅಷ್ಟೆ. ಊರಿನ ಹೆಸರಿದೆ, ಮಕ್ಕಳ ಹೆಸರಿಲ್ಲ.

ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಮಾರ್ಕೆಸ್ ಬೀದಿಯಲ್ಲಿ ಇನ್ನೊಂದು ಸ್ಟುಡಿಯೋ ಇತ್ತು. ಅದು ಮಾರ್ಟಿನ್ ಚಾಂಬಿಯದು. 1891ರಲ್ಲಿ ಕೆಚುವಾ ಮಾತಾಡುವ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಚಾಂಬಿ, ತಂದೆ ಚಿನ್ನದ ಗಣಿಗೆ ದುಡಿಯಲು ಹೋದಾಗ ಜೊತೆಗೆ ಹೋಗಿ, ಅಲ್ಲಿನ ಕಂಪನಿಯ ಛಾಯಾಗ್ರಾಹಕರಿಂದ ಕ್ಯಾಮೆರಾದ ಮೊದಲ ಪಾಠ ಕಲಿತ. ಕುಸ್ಕೋದ ಶ್ರೀಮಂತರ ಮದುವೆಗಳು, ಹಳ್ಳಿಗರು, ಮಾಚು ಪಿಚ್ಚು ಎಲ್ಲವೂ ಆ ಗಾಜಿನ ಫಲಕಗಳಲ್ಲಿವೆ. 1925ರಲ್ಲಿ ಸ್ಟುಡಿಯೋಗೆ ಬಂದ ಭಾರಿ ಎತ್ತರದ, ತೇಪೆ ಹಾಕಿದ ಅಂಗಿಯ ಹಳ್ಳಿಗನೊಬ್ಬನ ಚಿತ್ರ ಜಗತ್ಪ್ರಸಿದ್ಧ. ಆತನ ಹೆಸರು ಹುವಾನ್ ದೆ ಲಾ ಕ್ರುಸ್ ಸಿಹುವಾನಾ. ಆ ಹೆಸರು ಚಿತ್ರದ ಜೊತೆಗೇ ಉಳಿದುಬಂದಿದೆ.

ಪೆನ್‌ಗೆ ಚಾಂಬಿಯಂತೆ ಆ ಭಾಷೆಯಿರಲಿಲ್ಲ, ಇದ್ದದ್ದು ಮೂರೇ ದಿನ. ಆದರೂ ಬಾಡಿಗೆಯ ಆ ಕೋಣೆ ಅವನ ಬೆನ್ನು ಬಿಡಲಿಲ್ಲ. ಊರೂರಿಗೆ ಒಯ್ಯಬಹುದಾದ ಗುಡಾರದ ಸ್ಟುಡಿಯೋವೊಂದನ್ನು ಹೊಲಿಸಿಕೊಂಡು 1967ರಲ್ಲಿ ದಹೋಮಿಗೆ, 1969ರಲ್ಲಿ ಕ್ಯಾಮರೂನಿಗೆ, 1970ರಲ್ಲಿ ನ್ಯೂಗಿನಿಗೆ, 1971ರಲ್ಲಿ ಮೊರಾಕ್ಕೊಗೆ ಹೋದ. 1974ರಲ್ಲಿ ಇವೆಲ್ಲ ಸೇರಿ ಪುಸ್ತಕವಾಯಿತು. ಗುಡಾರದೊಳಗಿನ ಜಾಗ ಅವರ ಮನೆಯೂ ಅಲ್ಲ, ತನ್ನದೂ ಅಲ್ಲ. ಆದ್ದರಿಂದಲೇ ಇಬ್ಬರೂ ಎದುರುಬದುರು ನಿಲ್ಲಬಹುದು ಎಂಬುದು ಪೆನ್‌ನ ನಂಬಿಕೆ.

ಚಾಂಬಿ 1973ರಲ್ಲಿ, ಪೆನ್ 2009ರಲ್ಲಿ ತೀರಿಕೊಂಡರು. ಚಾಂಬಿಯ ಗಾಜಿನ ಫಲಕಗಳನ್ನು ಮನೆಯವರು ಕುಸ್ಕೋದಲ್ಲೇ ಕಾಪಾಡಿಕೊಂಡು ಬಂದಿದ್ದಾರೆ. ಡಿಸೆಂಬರ್ 24ರ ಸಂತೆ ಈಗಲೂ ಅದೇ ಚೌಕದಲ್ಲಿ ನೆರೆಯುತ್ತದೆ. ಹಳ್ಳಿಗಳಿಂದ ಬಂದ ಮಕ್ಕಳು ಗೊಂಬೆಗಳ ಮುಂದೆ ನಿಂತು ಬೆಲೆ ಕೇಳುತ್ತಾರೆ.